ಧ್ಯಾಸ ಭಾಳ ಐತಿ

ಪುಣೆಯಿಂದ ನನ್ನನ್ನು ಕರೆದುಕೊಂಡು ಬಂದವರು ಅಕ್ಕನ ಗಂಡ. ಅಕ್ಕನ ಗಂಡನಿಗೆ ನಮ್ಮ ಮನೆಯಲ್ಲಿ ಮಾಮಾ ಅನ್ನುತ್ತೇವೆ. ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಒಂದು. ಯಾವುದೆಂದು ಖಚಿತವಾಗಿ ಹೇಳಲಾರೆ. ಅಕ್ಕ ಹೇಳುವ ವರ್ಷಕ್ಕೂ ನನ್ನ ಎಂ.ಎ. ಅಂಕಪಟ್ಟಿಯ ವರ್ಷಕ್ಕೂ ತಾಳೆಯಾಗುವುದಿಲ್ಲ. ಆ ಕಾಲದ ಮಟ್ಟಿಗೆ ನನ್ನ ತಲೆಗಿಂತ ಕಾಗದವನ್ನು ನಂಬುವುದೇ ಮೇಲು.

ಪುಣೆಗೆ ಹೋಗಿದ್ದು ತತ್ವಶಾಸ್ತ್ರ ಓದಲು. ಓದಿದೆ, ಪಾಸೂ ಆದೆ. ಅದರ ಜೊತೆಗೆ ಗರ್ದ ಕಲಿತೆ. ಕಲಬೆರಕೆ ಹೆರಾಯಿನ್‌ನ ಕಂದು ಪುಡಿಗೆ ಅಲ್ಲಿ ಆ ಹೆಸರು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸೇದಿದ್ದನ್ನು ಹೇಳಲು ಹೊರಟರೆ ನನಗೇ ತಿಳಿಯದಂತೆ ಬಡಾಯಿ ಸೇರಿಕೊಳ್ಳುತ್ತದೆ.

ಮಿರಜಿನ ಒಂದು ಆಸ್ಪತ್ರೆಯಲ್ಲಿ ಮೂರು ವಾರ ಇದ್ದು, ಮೈಯಿಂದ ವಿಷ ಇಳಿಸಿಕೊಂಡೆ. ಆಮೇಲೆ ಎಲ್ಲಿ ಇರಬೇಕು ಅನ್ನುವ ಪ್ರಶ್ನೆ ಬಂತು. ನಿಪ್ಪಾಣಿಯ ನಮ್ಮ ಮನೆಗೆ ಹೋಗುವಂತಿರಲಿಲ್ಲ. ನಮ್ಮ ಓಣಿಯ ತುದಿಗೆ ಬಂದು ಕೈ ಮಾಡಿದರೆ ಪುಣೆಯ ಬಸ್ಸು ನಿಲ್ಲುತ್ತಿತ್ತು. ಅನಂತಪುರಕ್ಕೆ, ಅಥಣಿ ತಾಲೂಕಿನ ಅಕ್ಕನ ಮನೆಗೆ, ಅಂಥ ಯಾವ ಬಸ್ಸೂ ಬರುತ್ತಿರಲಿಲ್ಲ. ಮಾಮಾ ನಮ್ಮ ಅಪ್ಪನಿಗೆ ಹೇಳಿದರು:

"ದ್ರಾಕ್ಷಿ ಹರಿಯೂತನಾ ನನ್ನ ಕಡೆ ಇರ್ಲಿ ಬಿಡ್ರಿ. ಛಲೋ ಇದ್ರ ಮುಂದ ನೋಡೂಣು. ಮತ್ತ ಸುರು ಮಾಡಿದ್ರ ನಾನ ತಂದ ಬಿಡ್ತೀನಿ."

ಅಪ್ಪ ಅಂದರು: "ಬಿಡೂದಾದ್ರ ಇಲ್ಲಿ ತಂದ ಬಿಡಬ್ಯಾಡ್ರಿ."

ಈ ಮಾತು ನಡೆದಾಗ ನಾನು ಆಸ್ಪತ್ರೆಯ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ನಿದ್ದೆ ಬಂದಿದೆ ಎಂದು ಅವರು ತಿಳಿದಿದ್ದರು. ಅಂದರೆ ನನ್ನ ಮುಂದೆ ಇದ್ದದ್ದು ಒಂದೇ ಮನೆ, ಅದೂ ದ್ರಾಕ್ಷಿ ಕೊಯ್ಲಿನವರೆಗೆ.

ಡಾಕ್ಟರು ಮರಾಠಿಯವರು, ಮಧ್ಯವಯಸ್ಸಿನವರು, ಕಡಿಮೆ ಮಾತಿನವರು. ಅವರ ಕಟ್ಟಳೆಗಳು ಮೂರು. ತಿಂಗಳಿಗೊಮ್ಮೆ ಬಂದು ತೋರಿಸಬೇಕು. ನಿದ್ದೆಯ ಗುಳಿಗೆಯನ್ನು ಮನೆಯವರೇ ಕೈಯಲ್ಲಿ ಕೊಡಬೇಕು. ತಪಾಸಣೆಗೆ ಬಂದಾಗ ನನ್ನ ಸ್ಥಿತಿಯನ್ನು ನಾನಲ್ಲ, ಜೊತೆಗೆ ಬಂದವರು ಹೇಳಬೇಕು. ಮೊದಲ ವಾರದಲ್ಲೇ ನಾನು ಚಂದದ ಮರಾಠಿಯಲ್ಲಿ ಮಾತಾಡಿ ಗುಳಿಗೆ ಹೆಚ್ಚಿಸಿಕೊಂಡಿದ್ದು ಅವರಿಗೆ ಗೊತ್ತಾಗಿತ್ತು.

ಇವಲ್ಲದೆ ಒಂದು ಅಭ್ಯಾಸ ಹೇಳಿಕೊಟ್ಟಿದ್ದರು. ಬೆಳಿಗ್ಗೆ ಹತ್ತು ನಿಮಿಷ ಕೂತು ಉಸಿರು ನೋಡುವುದು. ಬದಲಿಸುವುದು ಬೇಡ, ಎಣಿಸುವುದು ಬೇಡ, ಬರೀ ನೋಡುವುದು. ಬೇಕು ಅನ್ನಿಸಿದರೆ ಅದನ್ನು ಬೈದು ಓಡಿಸದೆ, ಮೈಯಲ್ಲಿ ಎಲ್ಲಿ ಅನ್ನಿಸುತ್ತಿದೆ ಎಂದು ನೋಡುವುದು. ನಾನು ಕೇಳಿದೆ, ನೋಡುವವನು ಯಾರು, ಬೇಕು ಅನ್ನುವವನು ಯಾರು, ಇಬ್ಬರೂ ಒಂದೇ ಆದರೆ ಯಾರು ಯಾರನ್ನು ನೋಡಿದ ಹಾಗಾಯಿತು ಎಂದು. ಅವರು ನನ್ನ ಮುಖ ನೋಡಿ, ಮೊದಲು ನೋಡು, ಆಮೇಲೆ ಬಂದು ನನಗೂ ಹೇಳು ಅಂದರು.

ನೋಡಲಿಲ್ಲ. ಅನಂತಪುರದ ತೋಟದಲ್ಲಿ ಪಂಪಿನ ಕೋಣೆಯ ಕಟ್ಟೆಯ ಮೇಲೆ ದಿನಾ ಬೆಳಿಗ್ಗೆ ಕೂರುತ್ತಿದ್ದೆ, ಅಷ್ಟೇ. ಆ ಮೊದಲ ತಿಂಗಳು ನಾನು ಅಭ್ಯಾಸ ಮಾಡಿದ್ದು ಉಸಿರು ನೋಡುವುದನ್ನಲ್ಲ, ಉಸಿರು ನೋಡುವವನ ಹಾಗೆ ಕಾಣುವುದನ್ನು. ಬೆನ್ನು ನೆಟ್ಟಗೆ, ಕಣ್ಣು ಮುಚ್ಚಿ, ಅಂಗೈ ತೊಡೆಯ ಮೇಲೆ. ಒಳಗೆ ವಾದ ನಡೆಯುತ್ತಿತ್ತು. ಇದು ಹಳೆಯ ಭಿಕ್ಷುಗಳ ಪದ್ಧತಿ, ಇದಕ್ಕೆ ಸಾಕ್ಷ್ಯ ಏನು, ಚಟ ಬಿಟ್ಟವರು ಉಸಿರು ನೋಡಿ ಬಿಟ್ಟರೋ ಪುಡಿ ಸಿಗದೆ ಬಿಟ್ಟರೋ ಎಂದು.

ಆ ಮನೆಯಲ್ಲಿ ಅಕ್ಕ, ಮಾಮಾ ಅಲ್ಲದೆ ಮಾಮಾನ ತಾಯಿ ಇದ್ದಳು. ಎಲ್ಲರಿಗೂ ಆಯಿ. ಬೆಳಗಾಗೆದ್ದು ಮಿಶ್ರಿ ಹಚ್ಚದೆ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ತಂಬಾಕನ್ನು ತವೆಯ ಮೇಲೆ ಕರಕಲಾಗಿ ಹುರಿದು, ಅರೆದು ಡಬ್ಬಿಯಲ್ಲಿಟ್ಟು, ಬೆರಳಿನಿಂದ ಒಸಡಿಗೆ ಉಜ್ಜುವ ಪುಡಿ ಅದು. ನಮ್ಮ ಸೀಮೆಯ ಬಹಳ ಹೆಂಗಸರಿಗೆ ಇದ್ದ ಚಟ. ಚಟ ಎಂದು ಯಾರೂ ಕರೆಯುತ್ತಿರಲಿಲ್ಲ, ಹಲ್ಲು ತಿಕ್ಕುವುದು ಎನ್ನುತ್ತಿದ್ದರು. ಒಮ್ಮೆ ನಾನು ಹಾಗಲ್ಲ, ಇದೂ ಅದೇ ಜಾತಿ ಎಂದು ಪಾಠ ಮಾಡಲು ಹೋದೆ.

"ಹೌದ ಬಿಡೋ," ಅಂದಳು ಆಯಿ, ಬೆರಳು ಬಾಯಲ್ಲಿಟ್ಟುಕೊಂಡೇ. "ನಂದೂ ಪುಡಿ, ನಿಂದೂ ಪುಡಿ. ನಾ ಹಲ್ಲಿಗಿ ಹಚ್ಚಿದ್ನಿ, ನೀ ತಲಿಗಿ ಹಚ್ಚಿದಿ. ನಂದ ಹಲ್ಲ ಹೋದಾವು. ನಿಂದೇನ ಹೋಗೇತಿ ನೀನ ಹುಡಿಕ್ಕೋ."

ಅಕ್ಕ ಒಳಗೆ ರೊಟ್ಟಿ ಬಡಿಯುತ್ತಿದ್ದವಳು ನಕ್ಕಿದ್ದು ಕೇಳಿಸಿತು. ಪುಣೆ ಬಿಟ್ಟ ಮೇಲೆ ಅಕ್ಕ ನನ್ನ ವಿಷಯಕ್ಕೆ ನಕ್ಕಿದ್ದು ಅದೇ ಮೊದಲು.

ದ್ರಾಕ್ಷಿಯ ಗೊಂಚಲಲ್ಲಿ ಕಾಯಿ ಜೋಳದಷ್ಟು ಆದಾಗ ಒಂದು ಕೆಲಸ ಬರುತ್ತದೆ. ಮೂಗು ಚೂಪಾದ ಸಣ್ಣ ಕತ್ತರಿ ಹಿಡಿದು, ಒತ್ತಾಗಿ ಬೆಳೆದ ಕಾಯಿಗಳಲ್ಲಿ ಕೆಲವನ್ನು ತೆಗೆದುಬಿಡುವುದು. ಉಳಿದವು ಆಗ ದಪ್ಪವಾಗುತ್ತವೆ. ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಒಂದೊಂದು ಗೊಂಚಲಿಗೂ ಹೊಸದಾಗಿ ನೋಡಬೇಕು. ಹೆಂಗಸರು ಮಾತಾಡುತ್ತಲೇ ಮಾಡುತ್ತಿದ್ದರು. ನನ್ನನ್ನು ಆಯಿಯ ಪಕ್ಕದ ಸಾಲಿಗೆ ಹಾಕಿದರು. ಮೊದಲ ದಿನವೇ ನಾನು ಒಂದು ಗೊಂಚಲನ್ನು ದೇಟಿನ ಸಮೇತ ಕತ್ತರಿಸಿ ನೆಲಕ್ಕೆ ಬೀಳಿಸಿದೆ.

"ಧ್ಯಾಸ ಎಲ್ಲೈತಿ ನಿಂದ?" ಅಂದಳು ಆಯಿ. "ಕತ್ತರಿ ಅಷ್ಟ ತ್ವಾಟದಾಗ ಐತಿ. ನೀ ಎಲ್ಲೆದೀ?"

ಧ್ಯಾಸ ಅಂದರೆ ನಮ್ಮ ಕಡೆಯ ಕನ್ನಡದಲ್ಲಿ ಗಮನ. ನೆನಪಿಗೂ ಅದೇ ಮಾತು. ಬೀಗ ಹಾಕಿದ್ದು ಧ್ಯಾಸ ಐತೇನು ಎಂದು ಕೇಳುತ್ತಾರೆ, ಧ್ಯಾಸ ಇಟ್ಟ ಬರಿ ಎಂದು ಮಕ್ಕಳಿಗೆ ಹೇಳುತ್ತಾರೆ. ಡಾಕ್ಟರು ಹೇಳಿದ ಅಭ್ಯಾಸವನ್ನು ಪಾಲಿ ಭಾಷೆಯಲ್ಲಿ ಸತಿ ಅನ್ನುತ್ತಾರೆ, ಅದೂ ನಮ್ಮ ಸ್ಮೃತಿಯೇ, ನೆನಪೇ, ಎಂದು ನಾನು ಓದಿದ್ದೆ. ಓದಿದ್ದು ತಲೆಯಲ್ಲಿತ್ತು. ಗೊಂಚಲು ಕಾಲ ಬಳಿ ಬಿದ್ದಿತ್ತು.

ಕೆಲಸ ಮೆಲ್ಲಗೆ ಕೈಗೆ ಹತ್ತಿತು. ಹಸಿವು ಮರಳಿ ಬಂತು; ಮಧ್ಯಾಹ್ನ ಬದುವಿನ ಮೇಲೆ ಕೂತು ಮೂರು ರೊಟ್ಟಿ ತಿಂದು ಇನ್ನೊಂದಕ್ಕೆ ಕೈ ಚಾಚುತ್ತಿದ್ದೆ. ಗರ್ದದ ಆಸೆ ಹೋಯಿತು ಎಂದಲ್ಲ. ಕತ್ತರಿ ಹಿಡಿದಾಗಲೂ ಬರುತ್ತಿತ್ತು, ಒಮ್ಮೊಮ್ಮೆ ಕತ್ತರಿ ಕೆಳಗಿಡಬೇಕಾಗುತ್ತಿತ್ತು. ಆದರೆ ದೂರದಿಂದ ನೋಡುವವರಿಗೆ ನಾನು ಕೆಲಸದಲ್ಲಿ ಮುಳುಗಿದವನ ಹಾಗೆ ಕಾಣುತ್ತಿದ್ದೆ. ಮಾಮಾನಿಗೆ ಅದು ಬಹಳ ಹೆಮ್ಮೆ.

ಆ ಹೆಮ್ಮೆ ಹೊತ್ತುಕೊಂಡೇ ಅವರು ನನ್ನನ್ನು ಎರಡನೆಯ ಸಲ ಮಿರಜಿಗೆ ಕರೆದೊಯ್ದರು. ಮಾಮಾನಿಗೆ ಮರಾಠಿ ಬರುತ್ತಿತ್ತು. ದ್ರಾಕ್ಷಿಯ ವ್ಯಾಪಾರಿಗಳ ಜೊತೆ ಮಾತಾಡುವಷ್ಟು. ಕನ್ನಡದ ಮಾತಿಗೆ ಮರಾಠಿಯ ಬಾಲ ಕಟ್ಟಿ ಹೇಳುತ್ತಿದ್ದರು, ಸಾಧಾರಣವಾಗಿ ನಡೆದುಹೋಗುತ್ತಿತ್ತು. ಡಾಕ್ಟರು ನನ್ನ ಕಣ್ಣು ನೋಡಿ, ನಾಡಿ ಹಿಡಿದು, ಮಾಮಾನ ಕಡೆ ತಿರುಗಿದರು.

"ಅಜೂನ್ ಧ್ಯಾಸ ಆಹೇ ಕಾ?"

ಗಡಿಯ ಕಾಗವಾಡ ದಾಟಿ ಮಿರಜಿನ ಕಡೆ ಹೋದರೆ ಅದೇ ಮಾತಿಗೆ ಅರ್ಥ ಬೇರೆ. ಮರಾಠಿಯಲ್ಲಿ ಧ್ಯಾಸ ಅಂದರೆ ಹಂಬಲ, ಬಿಡದೆ ಹತ್ತಿಕೊಂಡ ಗೀಳು. ಡಾಕ್ಟರು ಕೇಳಿದ್ದು, ಇನ್ನೂ ಅದರ ಹಂಬಲ ಇದೆಯಾ ಎಂದು. ಮಾಮಾ ಕೇಳಿಸಿಕೊಂಡಿದ್ದು, ಈಗಲೂ ಗಮನ ಇಟ್ಟಿದ್ದಾನಾ ಎಂದು. ಅವರ ಮುಖ ಅರಳಿತು.

"ಹೋ ಸಾಹೇಬ, ಲೈ ಧ್ಯಾಸ ಆಹೇ. ದಿವಸಭರ ಧ್ಯಾಸ. ಝೋಪೇತ ಸುದ್ಧಾ ಧ್ಯಾಸ."

ಬಹಳ ಇದೆ ಸಾಹೇಬರೇ, ಇಡೀ ದಿನ, ನಿದ್ದೆಯಲ್ಲಿ ಕೂಡ. ಡಾಕ್ಟರು ಪೆನ್ನು ಕೆಳಗಿಟ್ಟರು. ನನ್ನನ್ನು ನೋಡಿದರು.

"ಖರಂ ಕಾ?"

ನಿಜವೇ ಎಂದು ಕೇಳಿದ್ದು ನನ್ನನ್ನು. ನನಗೆ ಎರಡೂ ಅರ್ಥ ಗೊತ್ತಿತ್ತು. ಒಂದು ಮಾತಿನಲ್ಲಿ ಸರಿಪಡಿಸಬಹುದಿತ್ತು. ಆದರೆ ಡಾಕ್ಟರ ಬೆರಳು ಮತ್ತೆ ಪೆನ್ನಿನ ಕಡೆ ಹೋಗುತ್ತಿದ್ದುದನ್ನು ನೋಡಿದೆ. ಹೌದು ಎಂದೆ. ಅದು ಸುಳ್ಳೂ ಆಗಿರಲಿಲ್ಲ, ಮರಾಠಿಯಲ್ಲಿ ಪೂರ್ತಿ ನಿಜ. ಅದೇ ನನಗೆ ಸಿಕ್ಕ ಅನುಕೂಲ. ಅವರು ನಿದ್ದೆಯ ಗುಳಿಗೆಯನ್ನು ಒಂದರಿಂದ ಎರಡು ಮಾಡಿದರು.

ಮರಳುವಾಗ ಕಾಗವಾಡದಲ್ಲಿ ಬಸ್ಸು ಬದಲಿಸಲು ಇಳಿದಾಗ ಮಾಮಾ ಕೇಳಿದರು:

"ಇಷ್ಟ ಛಲೋ ಹೇಳಿದ್ನಿ. ಗುಳಿಗಿ ಯಾಕ ಹೆಚ್ಚ ಮಾಡಿದ ಅಂವಾ?"

"ಧ್ಯಾಸ ಭಾಳ ಇಟ್ರ ತಲಿ ದಣೀತೈತ್ರಿ ಮಾಮಾ. ನಿದ್ದಿ ಹೆಚ್ಚ ಬೇಕಾಗ್ತೈತಿ."

"ಹಂಗನ?" ಅಂದರು. ನಂಬಿದರು. ಮರುದಿನ ತೋಟದಲ್ಲಿ ಹೆಂಗಸರಿಗೆಲ್ಲ ಹೇಳಿದರು: "ನಮ್ಮ ತಮ್ಮಂದ ಧ್ಯಾಸ ಎಷ್ಟ ಬೆಳದೈತಿ ಅಂದ್ರ, ಕಡಿಮಿ ಮಾಡಾಕ ಡಾಕ್ಟರ್ ಗುಳಿಗಿ ಕೊಟ್ಟಾನ."

ಅಂದಿನಿಂದ ಸಂಜೆ ಊಟದ ಮೇಲೆ ಅಕ್ಕ ಎರಡು ಗುಳಿಗೆ ಕೊಡುತ್ತಿದ್ದಳು. ಒಂದನ್ನು ನುಂಗಿ, ಅವಳು ಅತ್ತ ತಿರುಗಿದಾಗ ಇನ್ನೊಂದನ್ನು ಉಳಿಸುತ್ತಿದ್ದೆ. ಪಂಪಿನ ಕೋಣೆಯಲ್ಲಿ ಸ್ವಿಚ್ಚಿನ ಹಲಗೆಯ ಹಿಂದೆ ಒಂದು ಬೆಂಕಿಪೊಟ್ಟಣ ಇಟ್ಟಿದ್ದೆ. ಬೆಳಿಗ್ಗೆ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂತರೆ, ಬೆನ್ನ ಹಿಂದಿನ ಗೋಡೆಯ ಆಚೆ ಅದು ಇದೆ ಎಂಬುದೇ ಉಸಿರಿಗಿಂತ ಸ್ಪಷ್ಟವಾಗಿ ತಿಳಿಯುತ್ತಿತ್ತು. ಸಾಕಷ್ಟು ಕೂಡಿದ ಮೇಲೆ ಒಂದು ದಿನ ಎಲ್ಲವನ್ನೂ ಒಮ್ಮೆಗೇ ತೆಗೆದುಕೊಳ್ಳಬೇಕೆಂದಿತ್ತು. ಇದು ಗರ್ದ ಅಲ್ಲವಲ್ಲ, ಡಾಕ್ಟರೇ ಬರೆದುಕೊಟ್ಟದ್ದಲ್ಲವೇ ಎಂದು ನನ್ನ ತರ್ಕಶಾಸ್ತ್ರ ಬೇಕಾದ ಸಮಾಧಾನವನ್ನೆಲ್ಲ ಒದಗಿಸುತ್ತಿತ್ತು.

ಕೆಟ್ಟದ್ದು ಮುಂದೆ ಆಯಿತು. ಮಾಮಾನ ಮಾತನ್ನು ಆಯಿ ನಂಬಿದಳು. ಅವಳ ಒಸಡು ಬಹಳ ದಿನದಿಂದ ಬಾತು ನೋಯುತ್ತಿತ್ತು. ಮಿಶ್ರಿಯ ಡಬ್ಬಿಯನ್ನು ತಂದು ಅಕ್ಕನ ಕೈಗೆ ಕೊಟ್ಟಳು.

"ಹಿಡಿಯವ್ವಾ. ಈ ಪುಣೇದಾವಾ ಬಿಟ್ಟಾನಂದ್ರ ನಾ ಏನ ಕಡಿಮಿ? ನಾ ಬೇಡಿದ್ರೂ ಕೊಡಬ್ಯಾಡ."

ಮೊದಲ ದಿನ ಎಲ್ಲರ ಮೇಲೆ ಹರಿಹಾಯ್ದಳು. ಎರಡನೆಯ ದಿನ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡಳು. ಮೂರನೆಯ ದಿನ ಕತ್ತರಿ ಹಿಡಿಯಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ನಾನು ಕಟ್ಟೆಯ ಮೇಲೆ ಕೂತಿದ್ದಾಗ ಬಂದು ಪಕ್ಕದಲ್ಲಿ ಕೂತಳು.

"ಲೇ, ಕಣ್ಣ ತಗಿ."

ತೆಗೆದೆ. ಅವಳ ಗದ್ದ ಅದುರುತ್ತಿತ್ತು.

"ನೀ ಹೆಂಗ ತಡಕೊಂಡಿ? ಖರೇ ಹೇಳ ನನಗ. ನಿಂದರ ದೊಡ್ಡ ಚಟ. ನಂದ ಇಷ್ಟ ಪುಡಿ, ಆಗವಲ್ತು. ಅದೇನ ಧ್ಯಾಸ ಮಾಡ್ತಿ, ಅದನ್ನ ನನಗೂ ಹೇಳ."

ಅವಳು ಚೇಷ್ಟೆ ಮಾಡುತ್ತಿರಲಿಲ್ಲ. ಹೊಟ್ಟೆಯೊಳಗಿಂದ ಕೇಳುತ್ತಿದ್ದಳು. ಕೊಡಲು ನನ್ನ ಹತ್ತಿರ ಇದ್ದದ್ದು ಗೋಡೆಯ ಆಚೆಗಿನ ಆ ಪೊಟ್ಟಣ ಒಂದೇ.

ನಾನು ಹೇಳಿದೆ. ಮಿರಜಿನಲ್ಲಿ ಡಾಕ್ಟರು ಕೇಳಿದ್ದೇನು, ಮಾಮಾ ತಿಳಿದದ್ದೇನು, ನಾನು ಹೌದು ಎಂದದ್ದು ಯಾಕೆ, ಗುಳಿಗೆ ಎಲ್ಲಿ ಬಚ್ಚಿಟ್ಟೆ, ಎಲ್ಲ.

"ಎಷ್ಟ ಅದಾವು?" ಅಂದಳು ಆಯಿ.

"ಒಂಬತ್ತ."

"ಎದಕ್ಕ ಇಟ್ಟಿ? ಸಾಯಾಕನ?"

"ಅಲ್ಲ ಆಯಿ. ಸ್ವಲ್ಪ ಹೊತ್ತ ಏನೂ ಬ್ಯಾಡ ಅನ್ನಿಸ್ಲಿ ಅಂತ."

ಆಯಿ ದ್ರಾಕ್ಷಿಯ ಸಾಲುಗಳ ಕಡೆ ನೋಡಿದಳು. "ನನಗೂ ಈಗ ಅದ ಬೇಕಾಗೇತಿ ನೋಡು," ಅಂದಳು. ನಕ್ಕಳೋ ಇಲ್ಲವೋ ತಿಳಿಯಲಿಲ್ಲ.

ಏನು ಮಾಡಬೇಕೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಡಾಕ್ಟರು ಹೇಳಿದ್ದನ್ನು ನಾನು ಹಾಗೇ ಒಪ್ಪಿಸಿದೆ. ಬೇಕು ಅನ್ನೂದು ಮೈಯಾಗ ಎಲ್ಲೈತಿ ನೋಡಬೇಕಂತ ಆಯಿ, ಅದನ್ನ ಓಡಸಬಾರದಂತ.

"ಎಲ್ಲೈತಿ ಅಂದ್ರ? ಹಲ್ಲಿನ ಬುಡಕ ಐತಿ."

"ಮತ್ತ ಎಲ್ಲಿ?"

ಆಯಿ ಕಣ್ಣು ಮುಚ್ಚಿದಳು. "ಕಿವೀ ಹಿಂದ. ಗಂಟ್ಲಾಗ." ಸ್ವಲ್ಪ ಹೊತ್ತು ಬಿಟ್ಟು, "ಹೊಟ್ಟ್ಯಾಗೂ ಐತಿ. ಹೋತು." ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಬಂತ ನೋಡು ಮತ್ತ, ಹಡಬಿ."

ಅವಳು ಹೇಳಿದ ಜಾಗಗಳನ್ನೇ ನಾನು ನನ್ನ ಮೈಯಲ್ಲಿ ಹುಡುಕಿದೆ. ದವಡೆಯ ಕೀಲಿನಲ್ಲಿ ಸಿಕ್ಕಿತು, ಮೊಣಕಾಲ ಹಿಂದೆ ಸಿಕ್ಕಿತು. ಒಂದು ಬಿಗಿ, ಒಂದು ಜುಮ್ಮು, ಸ್ವಲ್ಪ ಬಿಸಿ. ಇಷ್ಟು ದಿನ ನಾನು ಹೆದರಿದ್ದು ಇಷ್ಟಕ್ಕೇ ಎನ್ನಲಾರೆ. ಹಾಗೆ ಹೇಳುವುದು ಜಾಣತನವಾದೀತು. ಅದು ಸಣ್ಣದಾಗಲಿಲ್ಲ. ಆದರೆ ಒಂದೇ ಕಡೆ ನಿಲ್ಲುತ್ತಿರಲಿಲ್ಲ, ಏರುತ್ತಿತ್ತು, ಇಳಿಯುತ್ತಿತ್ತು. ಅದನ್ನು ಮೊದಲ ಸಲ ನೋಡಿದೆ. ಪಕ್ಕದಲ್ಲಿ ಆಯಿ ಬೈಯುತ್ತ ಕೂತಿದ್ದಳು.

ಏಳುವಾಗ ಅಂದಳು: "ನಿಮ್ಮ ಮಾಮಾಗ ನೀನ ಹೇಳ್ಬೇಕು. ನಾ ಹೇಳಾಕಿ ಅಲ್ಲ."

ಇದು ನನ್ನ ನೆನಪು. ಅಕ್ಕನ ನೆನಪು ಬೇರೆ. ಅವಳ ಪ್ರಕಾರ ಪೊಟ್ಟಣ ಆಯಿಗೆ ಎರಡು ದಿನ ಮೊದಲೇ ಸಿಕ್ಕಿತ್ತು. ಮನೆಯ ಬೆಂಕಿಪೊಟ್ಟಣ ಕಾಣೆಯಾಗಿದ್ದಕ್ಕೆ ಹುಡುಕುತ್ತ ಪಂಪಿನ ಕೋಣೆಗೆ ಹೋಗಿ, ನೋಡಿ, ಇದ್ದಲ್ಲೇ ಇಟ್ಟು ಬಂದು ಅಕ್ಕನಿಗೆ ಹೇಳಿದ್ದಳಂತೆ, "ಕೇಳಿ ನೋಡ್ತೀನಿ ಇರು, ಹೇಳ್ತಾನೇನಂತ." ಅಂದರೆ ನಾನು ಒಪ್ಪಿಕೊಂಡದ್ದು ಆಗಲೇ ಗೊತ್ತಿದ್ದ ತಪ್ಪನ್ನು. ಆಯಿ ಈಗಿಲ್ಲ, ಕೇಳುವಂತಿಲ್ಲ. ಆ ಬೆಳಗಿನ ಅವಳ ಗದ್ದ ನಿಜಕ್ಕೂ ಅದುರುತ್ತಿತ್ತೆ, ಅಥವಾ ಕೇಳಿದ್ದು ನಿಜವಾದ ಪ್ರಶ್ನೆ ಎಂದು ಉಳಿಸಿಕೊಳ್ಳಲು ನಾನೇ ಆಮೇಲೆ ಸೇರಿಸಿದೆನೆ, ಗೊತ್ತಿಲ್ಲ. ಎರಡೂ ಇದ್ದಿರಬಹುದು. ಅವಳು ಮಿಶ್ರಿ ಬಿಟ್ಟದ್ದಂತೂ ನಿಜ, ಬೇಸಿಗೆಗೆ ಮತ್ತೆ ಸುರು ಮಾಡಿದ್ದೂ ನಿಜ. ನಾನೂ ತೊಂಬತ್ತರ ದಶಕದಲ್ಲಿ, ರಾಯಬಾಗದಲ್ಲಿ ಕೆಲಸದಲ್ಲಿದ್ದಾಗ, ಒಮ್ಮೆ ಜಾರಿ ಮತ್ತೆ ಎದ್ದಿದ್ದೇನೆ. ಯಾರ ಮುಂದೂ ಇದನ್ನು ಗೆಲುವಿನ ಕಥೆಯಾಗಿ ಹೇಳುವ ಯೋಗ್ಯತೆ ನನಗಿಲ್ಲ.

ಮಾಮಾನಿಗೆ ಅದೇ ದಿನ ಹೇಳಿದೆ. ಅವರು ಚಪ್ಪರದ ತಂತಿ ಬಿಗಿಯುತ್ತಿದ್ದರು. ಮೊದಲು ಅವರ ಮರಾಠಿಯನ್ನು ತಮಾಷೆ ಮಾಡುತ್ತಿದ್ದೇನೆ ಎಂದು ನಕ್ಕರು. ಪೊಟ್ಟಣವನ್ನು ಕೈಗಿಟ್ಟಾಗ ನಗೆ ನಿಂತಿತು.

"ಅಂದ್ರ ಅಂವಾ ಕೇಳಿದ್ದ ಒಂದ, ನಾ ಹೇಳಿದ್ದ ಒಂದ. ನಿನಗ ಗೊತ್ತಿತ್ತು."

"ಹೌದ್ರಿ ಮಾಮಾ."

"ಬಸ್‌ಸ್ಟ್ಯಾಂಡಿನ್ಯಾಗ ಕೇಳಿದ್ನಲ್ಲೋ ನಿನಗ."

ಅವರು ಇಕ್ಕಳ ಎತ್ತಿಕೊಂಡು ಮುಂದಿನ ಕಂಬಕ್ಕೆ ಹೋದರು. ಆಮೇಲೆ ಎರಡು ಮೂರು ವಾರ ನನ್ನ ಜೊತೆ ಮಾತಾಡಲಿಲ್ಲ. ಅಕ್ಕನ ಕಣ್ಣು ನನ್ನ ಚೀಲದ ಮೇಲೆ ಹೋಗಿ ಬರುತ್ತಿತ್ತು. ನಾನೂ ಬಟ್ಟೆಗಳನ್ನು ಮಡಚಿ ಅದರೊಳಗೇ ಇಟ್ಟಿದ್ದೆ. ಮಿರಜಿಗೆ ಹೋಗುವ ದಿನ ಬಂದಾಗ ಮಾಮಾ "ನಡಿ" ಅಂದರು, ಅಷ್ಟೇ. ಚೀಲ ತರಬೇಕೋ ಬೇಡವೋ ಹೇಳಲಿಲ್ಲ. ನಾನು ತಂದೆ.

ಕಾಗವಾಡದಲ್ಲಿ ಇಳಿದಾಗ ಚಿಕ್ಕೋಡಿ ಮೇಲೆ ನಿಪ್ಪಾಣಿಗೆ ಹೋಗುವ ಬಸ್ಸು ನಿಂತಿತ್ತು. ಮಾಮಾ ಅದರ ಹಲಗೆ ಓದಿದರು. ನನ್ನ ಕೈಯ ಚೀಲವನ್ನು ನೋಡಿದರು. ಆ ಬಸ್ಸಿಗೆ ಹತ್ತಿಸಿದ್ದರೆ ನಾನು ಒಂದು ಮಾತೂ ಆಡುತ್ತಿರಲಿಲ್ಲ. ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟಿತು. ನಾವು ಮಿರಜಿನ ಬಸ್ಸಿಗೆ ಕಾದೆವು.

ಡಾಕ್ಟರು ಎಂದಿನಂತೆ ನಾಡಿ ಹಿಡಿದು ನೋಡಿ ಮಾಮಾನ ಕಡೆ ತಿರುಗಿದರು. ಈಗ ಹೇಗಿದ್ದಾನೆ ಎಂದು ಕೇಳಿದರು. ಮಾಮಾ ಈ ಸಲ ಮರಾಠಿಗೆ ಹೋಗಲಿಲ್ಲ.

"ಅವನ್ನ ಕೇಳ್ರಿ," ಅಂದರು ಕನ್ನಡದಲ್ಲೇ. "ಅಂವಾನ ಹೇಳ್ತಾನ."

ಡಾಕ್ಟರಿಗೆ ಕನ್ನಡ ಎಷ್ಟು ತಿಳಿಯುತ್ತಿತ್ತೋ ಗೊತ್ತಿಲ್ಲ. ಅವರು ನನ್ನ ಕಡೆ ತಿರುಗಿ ಕಾದರು. ನಾನು ನಡೆದದ್ದನ್ನು ಹೇಳಿದೆ. ಹಂಬಲ ಇದೆ, ದಿನಾ ಬರುತ್ತದೆ, ಹೋಗುತ್ತದೆ, ಗುಳಿಗೆ ಹೆಚ್ಚು ಬೇಡ ಎಂದೆ. ಅವರು ಬೈಯಲಿಲ್ಲ. ಸುಳ್ಳು ಹೇಳಿದ ದಿನ ನೋಡಿದ ಹಾಗೆಯೇ ನೋಡಿದರು. ಮತ್ತೆ ಒಂದೇ ಗುಳಿಗೆ ಮಾಡಿ, ಮುಂದಿನ ಸಲ ಅರ್ಧಕ್ಕೆ ಇಳಿಸೋಣ ಎಂದು ಚೀಟಿ ಬರೆದು ಮಾಮಾನಿಗೆ ಕೊಟ್ಟರು.

ಆಸ್ಪತ್ರೆಯ ಎದುರಿಗೆ ಔಷಧಿ ಅಂಗಡಿ. ಪ್ರತಿ ಸಲ ಮಾಮಾ ಒಳಗೆ ಹೋಗಿ ಗುಳಿಗೆ ತಂದು, ಅಂಗಿಯ ಒಳಜೇಬಿನಲ್ಲಿಟ್ಟು ಗುಂಡಿ ಹಾಕಿಕೊಳ್ಳುತ್ತಿದ್ದರು. ಈ ಸಲ ರಸ್ತೆಯ ಈಚೆಗೇ ನಿಂತರು. ಚೀಟಿಯನ್ನು ನನ್ನ ಕೈಗೆ ಕೊಟ್ಟರು.

"ಹೋಗಿ ತಗೊಂಡ ಬಾ. ಚೀಲ ಇಲ್ಲೇ ಇಡು."

ನಾನು ರಸ್ತೆ ದಾಟಿ ಹೋದೆ. ಅಂಗಡಿಯವನು ಚೀಟಿ ಓದಿ, ಗುಳಿಗೆಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ತಿರುಗಿ ನೋಡಿದರೆ ಮಾಮಾ ನನ್ನ ಕಡೆ ನೋಡುತ್ತಿರಲಿಲ್ಲ, ಯಾರದೋ ಎತ್ತಿನ ಗಾಡಿ ನೋಡುತ್ತ ನಿಂತಿದ್ದರು. ಸುತ್ತಿದ ಕಾಗದವನ್ನು ಹಾಗೇ ತಂದು ಅವರ ಕೈಗಿಟ್ಟೆ. ಅವರು ಬಿಚ್ಚಿ ಎಣಿಸಲಿಲ್ಲ. ನನ್ನ ಚೀಲವನ್ನು ತಾವೇ ಹೆಗಲಿಗೇರಿಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದರು.